ಮನೆಯಲ್ಲಿ ಸಂಗೀತ ಪಾಠ: ಸಂಜೆಯ ಎರಡು ಗಂಟೆಯ ಲೆಕ್ಕ

ಹಗಲು ಬೇರೆ ಕೆಲಸ ಇಟ್ಟುಕೊಂಡು ಸಂಜೆ ಮನೆಯಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುವವರ ಕೈಗೆ ಸಿಗುವ ಹೊತ್ತು ಬಹಳ ಕಡಿಮೆ. ಬೆಂಗಳೂರಾಗಲಿ ಮೈಸೂರಾಗಲಿ, ಮಕ್ಕಳು ಶಾಲೆಯಿಂದ ಬಂದು ಏನಾದರೂ ತಿಂದು ಪಾಠಕ್ಕೆ ಹೊರಡುವಾಗ ಐದಾಗಿರುತ್ತದೆ. ಎಂಟು ಹೊಡೆದರೆ ಹೋಂವರ್ಕು, ಊಟ, ನಿದ್ದೆ. ನಡುವಿನ ಮೂರು ಗಂಟೆಯಲ್ಲಿ, ಆಫೀಸು ಮುಗಿಸಿ ಬರುವ ಮೇಷ್ಟರಿಗೆ ನಿಜವಾಗಿ ಉಳಿಯುವುದು ಎರಡೇ. ಹಾಗಾಗಿ ಈ ಕೆಲಸದ ಸಂಪಾದನೆ ನಿಂತಿರುವುದು ಶಿಷ್ಯರ ತಲೆಯೆಣಿಕೆಯ ಮೇಲಲ್ಲ, ವಾರದಲ್ಲಿ ಸಿಗುವ ಹತ್ತು ಹನ್ನೆರಡು ಗಂಟೆಯನ್ನು ಹೇಗೆ ಹಂಚುತ್ತೀರಿ ಎನ್ನುವುದರ ಮೇಲೆ.

ಒಂದು ಉದಾಹರಣೆ ಹಾಕಿ ನೋಡೋಣ. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಎರಡು ಬ್ಯಾಚು, ಒಂದೊಂದು ಗಂಟೆ. ಪ್ರತಿ ಬ್ಯಾಚಿಗೂ ವಾರಕ್ಕೆ ಎರಡು ಪಾಠ ಎಂದರೆ ಒಟ್ಟು ನಾಲ್ಕು ಬ್ಯಾಚು. ಬ್ಯಾಚಿಗೆ ನಾಲ್ಕು ಮಕ್ಕಳು, ತಿಂಗಳಿಗೆ ತಲಾ 1,200 ರೂಪಾಯಿ. ಶನಿವಾರ, ಭಾನುವಾರ ಬೆಳಿಗ್ಗೆ ಇಬ್ಬರಿಗೆ ಒಬ್ಬೊಬ್ಬರಾಗಿ ಪಾಠ, ಪಾಠಕ್ಕೆ 500 ರೂಪಾಯಿ, ತಿಂಗಳಿಗೆ ಎಂಟೆಂಟು ಪಾಠ. ಬ್ಯಾಚಿನಿಂದ 19,200, ಒಂಟಿ ಪಾಠದಿಂದ 8,000, ಒಟ್ಟು 27,200. ವಾರಕ್ಕೆ ಹನ್ನೆರಡು ಗಂಟೆಯ ದುಡಿಮೆ. ಆದರೆ ಇದನ್ನು ಹನ್ನೆರಡರಿಂದ ಗುಣಿಸಿ ವರ್ಷದ ಆದಾಯ ಎಂದುಕೊಂಡರೆ ಕೈ ಸುಡುತ್ತದೆ. ಮಾರ್ಚಿ ಪರೀಕ್ಷೆಗೆ ಅರ್ಧ ಮಕ್ಕಳು ಬರುವುದಿಲ್ಲ, ಬೇಸಿಗೆಯಲ್ಲಿ ಅಜ್ಜಿ ಮನೆಗೆ ಹೋಗುತ್ತಾರೆ. ಹತ್ತು ತಿಂಗಳ ಫೀಸು ಎಂದು ಹಿಡಿಯುವುದೇ ಸರಿ. ಜೊತೆಗೆ ಪ್ರತಿ ಬ್ಯಾಚಿನಲ್ಲೂ ಒಂದು ಜಾಗ ಯಾವಾಗಲೂ ಖಾಲಿ ಎಂದಿಟ್ಟುಕೊಳ್ಳಿ. ಆಗ ತಿಂಗಳಿಗೆ 22,400, ಹತ್ತು ತಿಂಗಳಿಗೆ 2,24,000. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಸುಮಾರು 18,700. ಮನೆ ಖರ್ಚಿಗೆ ನಂಬಬಹುದಾದ ಮೊತ್ತ ಇದು. ದರ ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತದೆ. ನಿಮ್ಮ ಸುತ್ತಲಿನ ಭರತನಾಟ್ಯ ತರಗತಿಯ ಫೀಸು ವಿಚಾರಿಸಿದರೆ ಪೋಷಕರು ಎಷ್ಟಕ್ಕೆ ಒಗ್ಗಿದ್ದಾರೆ ಎಂಬುದು ತಿಳಿಯುತ್ತದೆ.

ಬ್ಯಾಚಿಗೆ ನಾಲ್ಕೇ ಯಾಕೆ, ಎಂಟು ಮಕ್ಕಳನ್ನು ಕೂರಿಸಿದರೆ ದುಡ್ಡೂ ಎರಡರಷ್ಟಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಒಂದು ಗಂಟೆಯಲ್ಲಿ ಶ್ರುತಿ (ಹಾಡಿಗೆ ಆಧಾರವಾದ ಸ್ವರ) ಸೇರಿಸುವುದಕ್ಕೆ ಐದು ನಿಮಿಷ, ಹೊಸ ಪಾಠಕ್ಕೆ ಇಪ್ಪತ್ತು ನಿಮಿಷ ಹೋದರೆ ಉಳಿಯುವುದು ಮೂವತ್ತೈದು. ಅದರಲ್ಲಿ ಪ್ರತಿ ಮಗುವೂ ಒಂಟಿಯಾಗಿ ಹಿಂದಿನ ಪಾಠ ಒಪ್ಪಿಸಬೇಕು. ನಾಲ್ವರಾದರೆ ತಲಾ ಎಂಟು ನಿಮಿಷ ಸಿಗುತ್ತದೆ. ಎಂಟು ಜನರಾದರೆ ಒಪ್ಪಿಸುವುದೇ ನಿಂತು ಎಲ್ಲರೂ ಒಟ್ಟಿಗೆ ಹಾಡುವುದಷ್ಟೇ ಆಗುತ್ತದೆ, ಗುಂಪಿನ ದನಿಯಲ್ಲಿ ಅಪಸ್ವರ ಅಡಗಿಬಿಡುತ್ತದೆ. ಆರು ತಿಂಗಳಾದ ಮೇಲೆ ಮಗು ಮನೆಯಲ್ಲಿ ನೆಂಟರ ಮುಂದೆ ಒಂಟಿಯಾಗಿ ಹಾಡಿದಾಗ ಅದು ಹೊರಗೆ ಬರುತ್ತದೆ. ಆಗ ಬಿಟ್ಟುಹೋಗುವುದು ಒಂದು ಮಗುವಲ್ಲ, ಅದೇ ಅಪಾರ್ಟ್‌ಮೆಂಟಿನ ಮೂರು ಮಕ್ಕಳು.

ಬ್ಯಾಚು ಕಟ್ಟುವಾಗ ವಯಸ್ಸಿಗಿಂತ ಶ್ರುತಿ ಮುಖ್ಯ. ಹೊಸದಾಗಿ ಬಂದವರನ್ನು ಮೊದಲ ದಿನವೇ ಯಾವ ಬ್ಯಾಚಿಗೂ ಸೇರಿಸಬೇಡಿ. ಕಾಲು ಗಂಟೆ ಬೇರೆ ಕೂರಿಸಿ, ಅವರಿಗೆ ಗೊತ್ತಿರುವ ಯಾವುದಾದರೂ ಹಾಡು ಹಾಡಿಸಿ. ಆಮೇಲೆ ಶ್ರುತಿ ಪೆಟ್ಟಿಗೆಯನ್ನು ಅರ್ಧರ್ಧ ಮನೆ (ಶ್ರುತಿಯ ಎತ್ತರದ ಅಳತೆ) ಬದಲಿಸುತ್ತಾ ಮಧ್ಯಸ್ಥಾಯಿ ಷಡ್ಜದಿಂದ (ನಡುವಿನ ‘ಸ’) ತಾರಸ್ಥಾಯಿ ಷಡ್ಜದವರೆಗೆ (ಮೇಲಿನ ‘ಸ’) ಕತ್ತಿನ ನರ ಉಬ್ಬದೆ ಎಲ್ಲಿ ಹಾಡುತ್ತಾರೆ ನೋಡಿ. ಎಂಟು ಹತ್ತು ವರ್ಷದ ಹುಡುಗಿಯರಿಗೂ ಹುಡುಗರಿಗೂ ಸಾಮಾನ್ಯವಾಗಿ ಐದು, ಐದೂವರೆ ಮನೆ ಹೊಂದುತ್ತದೆ. ದೊಡ್ಡ ಹೆಂಗಸರಿಗೂ ಅದರ ಆಸುಪಾಸು, ಗಂಡಸರಿಗೆ ಒಂದು, ಒಂದೂವರೆ. ಕೆಲವರದು ಇದರಿಂದ ಒಂದು ಮನೆ ಆಚೀಚೆ ಇರುತ್ತದೆ. ಒಂದೂವರೆ ಮನೆಯ ತಂದೆಯನ್ನೂ ಐದೂವರೆ ಮನೆಯ ಮಗಳನ್ನೂ ಒಂದೇ ಬ್ಯಾಚಿನಲ್ಲಿ ಕೂರಿಸಬೇಕೆಂದು ಕೇಳುವವರು ಬೇಕಾದಷ್ಟು. ಒಪ್ಪಬಾರದು, ಇಬ್ಬರಲ್ಲಿ ಒಬ್ಬರ ಗಂಟಲು ಕೆಡುವುದು ಖಂಡಿತ. ಮೇಷ್ಟರು ಗಂಡಸಾಗಿದ್ದು ಶಿಷ್ಯರೆಲ್ಲ ಹುಡುಗಿಯರಾದಾಗಲೂ ಇದೇ ತೊಡಕು. ಹೇಳಿಕೊಡುವವರು ಅವರ ಶ್ರುತಿಯಲ್ಲಿ ಮಂದ್ರಕ್ಕೆ ಇಳಿದು ಹಾಡಿ ತೋರಿಸಬೇಕಾಗುತ್ತದೆ. ಚಿಕ್ಕ ಮಕ್ಕಳು ಆ ಕೆಳಗಿನ ದನಿಯನ್ನೇ ಅನುಕರಿಸಲು ಹೋಗಿ ದನಿ ಹೂತುಕೊಳ್ಳುತ್ತಾರೆ. ಅದೇ ಬ್ಯಾಚಿನಲ್ಲಿ ಚೆನ್ನಾಗಿ ಹಾಡುವ ಹುಡುಗಿಯೊಬ್ಬಳಿಂದ ಮೊದಲು ಹೇಳಿಸಿದರೆ ಉಳಿದವರು ಬೇಗ ಹಿಡಿಯುತ್ತಾರೆ.

ಹುಡುಗರಿಗೆ ಹನ್ನೆರಡರಿಂದ ಹದಿನೈದರೊಳಗೆ ದನಿ ಒಡೆಯುತ್ತದೆ. ಹೆಚ್ಚು ಹುಡುಗರು ಸಂಗೀತ ಬಿಡುವುದೂ ಆಗಲೇ. ನಿನ್ನೆಯವರೆಗೆ ಎಟುಕುತ್ತಿದ್ದ ತಾರಸ್ಥಾಯಿ ಇಂದು ಬಿರಿದರೆ, ಪಕ್ಕದಲ್ಲಿರುವ ಹುಡುಗಿಯರ ಮುಂದೆ ಅವನಿಗೆ ನಾಚಿಕೆ. ಆ ಕೆಲವು ತಿಂಗಳು ಅವನನ್ನು ಬ್ಯಾಚಿನಿಂದ ತೆಗೆದು ಬೇರೆ ಅರ್ಧ ಗಂಟೆ ಕೊಡಿ. ಶ್ರುತಿಯನ್ನು ಅವನ ದನಿ ಇಳಿದಂತೆ ಇಳಿಸುತ್ತಾ ಬನ್ನಿ. ಮೇಲಿನ ಸ್ವರಗಳನ್ನು ಒತ್ತಾಯಿಸದೆ ತಾಳ, ಸ್ವರ ಬರೆಯುವುದು, ಮಂದ್ರಸ್ಥಾಯಿಯ ಅಭ್ಯಾಸ ಇವುಗಳಲ್ಲಿ ಕಾಲ ಕಳೆಯಿರಿ. ತಂದೆ ತಾಯಿಗೆ ಇದನ್ನು ಮೊದಲೇ ಹೇಳಿಟ್ಟಿರಬೇಕು, ಇಲ್ಲವಾದರೆ ‘ಮಗನ ಗಂಟಲು ಹಾಳಾಯಿತು’ ಎಂಬ ಮಾತು ಬರುತ್ತದೆ.

ಪಾಠದ ಕ್ರಮದಲ್ಲಿ ಹೊಸದೇನೂ ಬೇಕಿಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ನಮ್ಮ ಪರಂಪರೆ ನಂಬಿರುವ ದಾರಿ ಗಟ್ಟಿಯಾಗಿದೆ: ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಅಲಂಕಾರ ಎಂಬ ಸ್ವರದ ಅಭ್ಯಾಸಗಳು, ಆಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಅಂದರೆ ಮಗು ಕಲಿಯುವ ಮೊದಲ ಪುಟ್ಟ ಹಾಡುಗಳು. ವಾರಕ್ಕೆ ಎರಡು ಪಾಠ, ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ ಇದ್ದರೆ ಎಂಟು ಒಂಬತ್ತು ವರ್ಷದ ಮಗು ಗೀತೆಗೆ ಬರಲು ಸುಮಾರು ಒಂದು ವರ್ಷ ಬೇಕು. ಇದನ್ನೂ ಸೇರುವ ದಿನವೇ ಹೇಳಿ.

ಎಡವುವ ಜಾಗಗಳು ಎಲ್ಲ ಮಕ್ಕಳಲ್ಲೂ ಹೆಚ್ಚುಕಡಿಮೆ ಒಂದೇ. ಮಾಯಾಮಾಳವಗೌಳದ ಶುದ್ಧ ರಿಷಭ ಷಡ್ಜದ ಪಕ್ಕದಲ್ಲೇ ಇದೆ. ಸಿನಿಮಾ ಹಾಡು ಕೇಳಿ ಬಂದ ಕಿವಿ ಅದನ್ನು ತಾನಾಗಿ ಮೇಲಕ್ಕೆ ಎಳೆದು ಶಂಕರಾಭರಣದ ರಿ ಮಾಡಿಬಿಡುತ್ತದೆ. ಕಾಕಲಿ ನಿಷಾದವಂತೂ ಆರೋಹಣದಲ್ಲಿ ಮೇಲಿನ ಷಡ್ಜಕ್ಕೆ ಹತ್ತಿರ ಹೋಗದೆ ಕೆಳಗೇ ಉಳಿಯುತ್ತದೆ. ಇಡೀ ವರಸೆಯನ್ನು ಮತ್ತೆ ಮತ್ತೆ ಹಾಡಿಸಿದರೆ ತಪ್ಪು ಇನ್ನೂ ಗಟ್ಟಿಯಾಗುತ್ತದೆ ಅಷ್ಟೆ. ‘ಸ ರಿ ಸ’ ಎಂಬ ಮೂರೇ ಸ್ವರವನ್ನು ತಂಬೂರಿಯ ಜೊತೆ ನಿಧಾನವಾಗಿ, ಪ್ರತಿ ಸ್ವರಕ್ಕೂ ನಾಲ್ಕು ಎಣಿಕೆಯಷ್ಟು ನಿಲ್ಲಿಸಿ ಹಾಡಿಸಬೇಕು. ‘ಸ ನಿ ಸ’ಕ್ಕೂ ಹಾಗೆಯೇ. ಈ ಹಂತದಲ್ಲಿ ಕೀಬೋರ್ಡಿನಲ್ಲಿ ಸ್ವರ ಒತ್ತಿ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಮಗು ಕೀಬೋರ್ಡಿನ ಜೊತೆಗಿದ್ದಾಗ ಸರಿಯಾಗಿ ಹಾಡುತ್ತದೆ, ತೆಗೆದರೆ ಜಾರುತ್ತದೆ. ತಂಬೂರಿಯ ಸ-ಪ-ಸ ಕೇಳಿ ಸ್ವರದ ಜಾಗ ತಾನೇ ಹುಡುಕಿಕೊಳ್ಳುವುದನ್ನು ಕಲಿಸುವುದಕ್ಕೇ ಪೋಷಕರು ನಮಗೆ ಫೀಸು ಕೊಡುತ್ತಿರುವುದು.

ಮೂರು ಕಾಲದ ವಿಷಯ. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು. ನಿಮಿಷಕ್ಕೆ 60 ಎಣಿಕೆಯಲ್ಲಿ ಒಂದನೇ ಕಾಲ ಆರಾಮ ಎನಿಸುತ್ತದೆ, ಆದರೆ ಮೂರನೇ ಕಾಲಕ್ಕೆ ಬಂದಾಗ ನಿಮಿಷಕ್ಕೆ 240 ಸ್ವರ. ಒಂಬತ್ತು ವರ್ಷದ ನಾಲಿಗೆ ಅಲ್ಲಿ ಸ್ವರ ನುಂಗುತ್ತದೆ, ‘ಸರಿಗಮ’ ಎಂಬುದು ‘ಸರ್ಗಮ’ ಆಗುತ್ತದೆ. ಆದ್ದರಿಂದ ವೇಗವನ್ನು ಮೂರನೇ ಕಾಲದಿಂದ ಹಿಂದಕ್ಕೆ ಲೆಕ್ಕ ಹಾಕಿ. ಯಾವ ವೇಗದಲ್ಲಿ ಮೂರನೇ ಕಾಲ ಸ್ವಚ್ಛವಾಗಿ ಬರುತ್ತದೋ ಅದೇ ಎಣಿಕೆಯಲ್ಲಿ ಮೊದಲನೆಯದನ್ನೂ ಆರಂಭಿಸಿ. ಮೊದಮೊದಲಿಗೆ 40, 45 ಸಾಕು. ಮೆಟ್ರೊನೋಮ್ ಇಟ್ಟುಕೊಂಡರೆ ಕಾಲ ಬದಲಿಸುವಾಗ ಕೈ ಓಡುವುದು ಅವರಿಗೇ ಗೊತ್ತಾಗುತ್ತದೆ.

ಜಂಟಿ ವರಸೆಯಲ್ಲಿ ‘ಸ ಸ’ ಎಂಬುದನ್ನು ಎರಡು ಸಮ ಪೆಟ್ಟಿನಂತೆ ಹಾಡುವ ಅಭ್ಯಾಸ ಬಿದ್ದರೆ ಮುಂದೆ ವರ್ಣ ಎಂಬ ದೊಡ್ಡ ಪಾಠದಲ್ಲಿ ತೊಂದರೆ. ಎರಡನೆಯ ಸ್ವರಕ್ಕೆ ಕೆಳಗಿನ ಸ್ವರದಿಂದ ಒತ್ತು ಬರಬೇಕು, ಸ್ಫುರಿತ ಎಂಬ ಗಮಕ (ಸ್ವರಕ್ಕೆ ಕೊಡುವ ಅಲುಗಾಟ) ಹುಟ್ಟುವುದು ಅಲ್ಲೇ. ಅಲಂಕಾರಗಳನ್ನು ಹಾರಿಸಿ ಗೀತೆಗೆ ಓಡುವುದು ಈಗಿನ ಅವಸರದ ಚಾಳಿ. ಏಳು ಅಲಂಕಾರಗಳಲ್ಲಿ ಧ್ರುವ ತಾಳದ 14 ಅಕ್ಷರ (ತಾಳದ ಎಣಿಕೆ), ಮಠ್ಯದ 10, ರೂಪಕದ 6, ಝಂಪೆಯ 10, ತ್ರಿಪುಟದ 7, ಅಟ್ಟದ 14, ಏಕದ 4 ಇವೆಲ್ಲ ಕೈಗೆ ಕೂತಿದ್ದರೆ ಮಾತ್ರ ಗೀತೆಯ ಸಾಹಿತ್ಯ ಹೇಳುವಾಗ ತಾಳದ ಯೋಚನೆ ಬೇಕಾಗುವುದಿಲ್ಲ. ಆದಿತಾಳವೊಂದನ್ನೇ ಹಾಕಿ ಬಂದ ಮಗು ‘ಶ್ರೀ ಗಣನಾಥ’ ಶುರು ಮಾಡಿದಾಗ ರೂಪಕದ ದ್ರುತ (ಒಂದು ತಟ್ಟು, ಒಂದು ಬೀಸು) ಮೊದಲು ಬರುತ್ತದೆ ಎಂಬುದನ್ನು ಮರೆತು ಲಘುವಿನಿಂದ ಬೆರಳು ಮಡಚುತ್ತದೆ. ಮಲಹರಿಯಲ್ಲಿ ಇನ್ನೊಂದು ಜಾರು ಇದೆ. ಅದರಲ್ಲಿ ನಿಷಾದವಿಲ್ಲ, ಗಾಂಧಾರ ಅವರೋಹಣದಲ್ಲಿ ಮಾತ್ರ. ವರ್ಷವಿಡೀ ‘ಪ ದ ನಿ ಸ’ ಹೇಳಿದ ಬಾಯಿಗೆ ‘ಪ ದ ಸ’ ಹೊಸದು. ಗೀತೆಗೆ ಮೊದಲು ಮಲಹರಿಯ ಆರೋಹಣ ಅವರೋಹಣವನ್ನೇ ಒಂದು ವಾರ ಹಾಡಿಸಿದರೆ ಆ ನಿಷಾದ ಮತ್ತೆ ನುಸುಳುವುದಿಲ್ಲ.

‘ಒಂದು ದೇವರನಾಮ ಯಾವಾಗ ಹೇಳಿಕೊಡ್ತೀರಿ ಮಿಸ್?’ ಎಂಬ ಪ್ರಶ್ನೆ ಎರಡನೇ ತಿಂಗಳಿಗೇ ಬರುತ್ತದೆ. ಗೌರಿ ಹಬ್ಬ, ದಸರಾ ಗೊಂಬೆ ಕೂರಿಸಿದ ಮನೆ, ಶಾಲೆಯ ವಾರ್ಷಿಕೋತ್ಸವ, ಎಲ್ಲ ಕಡೆ ಮಗುವಿನಿಂದ ಒಂದು ಹಾಡು ಹೇಳಿಸುವ ಆಸೆ ತಾಯಂದಿರಿಗೆ ಇರುವುದು ನ್ಯಾಯವೇ. ಸರಳೆ ಮುಗಿದ ಮೇಲೆ, ಎರಡು ತಿಂಗಳಿಗೊಂದರಂತೆ, ಆದಿತಾಳದ ಸಣ್ಣ ದೇವರನಾಮವೊಂದನ್ನು ಕೊನೆಯ ಹತ್ತು ನಿಮಿಷದಲ್ಲಿ ಕೊಡಿ. ಗಮಕ ತುಂಬಿದ ತೋಡಿ, ಭೈರವಿಯಂಥ ರಾಗ ಬೇಡ. ಮೋಹನ, ಹಂಸಧ್ವನಿಯಂಥ ರಾಗವಾದರೆ ಮಗುವಿನ ಬಾಯಿಗೆ ಬರುತ್ತದೆ. ಪಾಠದ ಪುಸ್ತಕದ ಹಿಂದಿನ ಪುಟಗಳಲ್ಲಿ ಇವುಗಳನ್ನು ಬರೆಸಿ. ಪುಷ್ಯ ಬಹುಳ ಅಮಾವಾಸ್ಯೆಯ ಪುರಂದರದಾಸರ ಆರಾಧನೆಗೆ ಹತ್ತಿರದ ದೇವಸ್ಥಾನದಲ್ಲಿ ಎಲ್ಲ ಬ್ಯಾಚೂ ಸೇರಿ ಪಿಳ್ಳಾರಿ ಗೀತೆ ಹಾಡಿದರೆ, ಮುಂದಿನ ಜೂನಿಗೆ ಬೇಕಾದ ಹೊಸ ಮಕ್ಕಳು ಅಲ್ಲೇ ಸಿಗುತ್ತಾರೆ. ಕರಪತ್ರ ಹಂಚಿದರೆ ಇದರ ಅರ್ಧ ಫಲವೂ ಇಲ್ಲ.

ಮನೆಯ ಅಭ್ಯಾಸಕ್ಕೆ ದಾರಿ ಮಾಡಿಕೊಡದೆ ಬರೀ ‘ಪ್ರಾಕ್ಟೀಸ್ ಮಾಡು’ ಎಂದರೆ ಯಾರೂ ಮಾಡುವುದಿಲ್ಲ. ಪ್ರತಿ ಪಾಠದ ಕೊನೆಗೆ ಆ ದಿನದ ಸಾಲುಗಳನ್ನು ಮಗುವಿನ ಶ್ರುತಿಯಲ್ಲೇ ನಿಧಾನವಾಗಿ ಎರಡು ಸಲ ಹಾಡಿ, ಮೂರು ನಿಮಿಷ ಮೀರದಂತೆ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿ. ಶುರುವಿನಲ್ಲಿ ಶ್ರುತಿ ಎಷ್ಟು ಮನೆ ಎಂದು ಬಾಯಿಬಿಟ್ಟು ಹೇಳಿ. ಇಲ್ಲೊಂದು ಸೂಕ್ಷ್ಮವಿದೆ. ತರಗತಿಯ ಹಳೆಯ ಶ್ರುತಿ ಪೆಟ್ಟಿಗೆಯನ್ನು ತಿರುಪಿನಲ್ಲಿ ಅಂದಾಜಿಗೆ ಕೂರಿಸಿದ್ದರೆ, ಮನೆಯ ಫೋನಿನ ತಂಬೂರಿ ಆ್ಯಪು ತೋರಿಸುವ ಐದು ಮನೆಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ರೆಕಾರ್ಡಿಂಗ್ ಜೊತೆ ಆ್ಯಪು ಹಾಕಿ ಹಾಡಿದಾಗ ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಎಲ್ಲರೂ ಒಂದೇ ಆ್ಯಪಿನ ಒಂದೇ ಮನೆಗೆ ಪೆಟ್ಟಿಗೆ ಹೊಂದಿಸಿಕೊಳ್ಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಷಡ್ಜ ಕೇಳಿಸುವುದೇ ಇಲ್ಲ, ಸಣ್ಣದೊಂದು ಹೊರಗಿನ ಸ್ಪೀಕರ್ ಬೇಕೇಬೇಕು. ಇದರ ಜೊತೆಗೆ ಕಛೇರಿ ಕೇಳುವುದನ್ನೂ ಅಭ್ಯಾಸಕ್ಕೆ ಸೇರಿಸಿ. ಬೆಂಗಳೂರಿನವರಿಗೆ ರಾಮನವಮಿ ಕಛೇರಿಗಳಿವೆ, ಮೈಸೂರಿನವರಿಗೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣೇಶೋತ್ಸವವಿದೆ.

ಫೀಸಿನ ಮಾತು ಆಡಲು ಸಂಗೀತದವರಿಗೆ ಸಂಕೋಚ ಜಾಸ್ತಿ. ಮಾತು ಆಡಲಾಗದಿದ್ದರೆ ಒಂದು ಹಾಳೆಯಲ್ಲಿ ಬರೆದು ಸೇರುವ ದಿನ ಕೈಗೆ ಕೊಟ್ಟುಬಿಡಿ. ಫೀಸು ಪಾಠಕ್ಕಲ್ಲ, ತಿಂಗಳಿಗೆ. ಐದನೇ ತಾರೀಖಿನೊಳಗೆ ಮುಂಗಡ. ಮಗು ತಪ್ಪಿಸಿದ ಪಾಠಕ್ಕೆ ಬದಲಿ ಇಲ್ಲ, ಮೇಷ್ಟರು ತಪ್ಪಿಸಿದ್ದಕ್ಕೆ ಉಂಟು. ಬಿಡುವುದಾದರೆ ಒಂದು ತಿಂಗಳು ಮೊದಲು ತಿಳಿಸಬೇಕು. ಪಾಠಕ್ಕಿಷ್ಟು ಎಂದು ಎಣಿಸಿ ತೆಗೆದುಕೊಳ್ಳುವ ಪದ್ಧತಿಯಲ್ಲಿ ಮಳೆ ಬಂದ ದಿನವೆಲ್ಲ ನಿಮ್ಮ ನಷ್ಟ, ಆದರೆ ಆ ಹೊತ್ತನ್ನು ನೀವು ಬೇರೆ ಯಾರಿಗೂ ಕೊಡುವ ಹಾಗಿಲ್ಲ. ತಿಂಗಳಿಗೆ ಎಂಟು ಪಾಠ ಎಂದು ಒಪ್ಪಿಕೊಂಡರೆ ವರ್ಷಕ್ಕೆ 96. ವಾರಕ್ಕೆರಡರಂತೆ 52 ವಾರಕ್ಕೆ 104 ದಿನ ಬರುತ್ತದೆ. ಉಳಿಯುವ ಎಂಟು ದಿನಗಳೇ ಯುಗಾದಿ, ಗಣೇಶ, ದಸರಾ, ದೀಪಾವಳಿಗೂ ನಿಮ್ಮ ಜ್ವರಕ್ಕೂ ರಜೆ. ಬದಲಿ ಪಾಠದ ಗೋಜು ಬಹುಪಾಲು ಇದರಲ್ಲೇ ತೀರುತ್ತದೆ. ವಿಜಯದಶಮಿಗೆ ತಾಂಬೂಲದ ಜೊತೆ ಕೊಡುವ ಗುರುಕಾಣಿಕೆಯನ್ನು ಫೀಸಿನ ಲೆಕ್ಕಕ್ಕೆ ಸೇರಿಸಬಾರದು. ಕೊಡಲಾಗದ ಮನೆಯ ಮಗುವಿಗೆ ಒಂದು ಜಾಗವನ್ನು ಉಚಿತವಾಗಿ ಇಟ್ಟುಕೊಳ್ಳಿ. ಅದನ್ನು ಮೊದಲೇ ನಿರ್ಧರಿಸಿದ್ದರೆ ಉಳಿದವರ ಚೌಕಾಸಿಗೆ ಧೈರ್ಯವಾಗಿ ಇಲ್ಲ ಎನ್ನಬಹುದು.

ಪರದೇಶದ ಕನ್ನಡದ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದರೆ ಊರಿನ ಒಂಟಿ ಪಾಠದ ದರಕ್ಕಿಂತ ಹೆಚ್ಚು ಸಿಗುತ್ತದೆ, ತಲೆನೋವೂ ಅದಕ್ಕೆ ತಕ್ಕಷ್ಟು. ಕ್ಯಾಲಿಫೋರ್ನಿಯಾದ ಶುಕ್ರವಾರ ಸಂಜೆ ಆರು ಎಂದರೆ ಅಲ್ಲಿಯ ಬೇಸಿಗೆ ಗಡಿಯಾರದಲ್ಲಿ ನಮಗೆ ಶನಿವಾರ ಬೆಳಿಗ್ಗೆ ಆರೂವರೆ, ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಏಳೂವರೆ. ನ್ಯೂಜೆರ್ಸಿಯ ಶನಿವಾರ ಬೆಳಿಗ್ಗೆ ಎಂಟು ನಮಗೆ ಸಂಜೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ಲಂಡನ್ನಿನವರು ಅಕ್ಟೋಬರ್ ಕೊನೆಯ ಭಾನುವಾರವೇ ಬದಲಿಸುತ್ತಾರೆ. ಆನ್‌ಲೈನ್ ಪಾಠದ ಮುಂದಿನ ಒಂದು ಗಂಟೆಯನ್ನು ಖಾಲಿ ಬಿಡದಿದ್ದರೆ ಚಳಿಗಾಲದಲ್ಲಿ ಅದು ಊರಿನ ಬ್ಯಾಚಿನ ಮೇಲೆ ಬಂದು ಕೂರುತ್ತದೆ. ಒಟ್ಟಿಗೆ ಹಾಡುವುದು ಇಲ್ಲಿ ಸಾಧ್ಯವೇ ಇಲ್ಲ, ದನಿ ತಡವಾಗಿ ತಲುಪುತ್ತದೆ. ನೀವು ಹಾಡಿ ನಿಲ್ಲಿಸಬೇಕು, ಮಗು ತನ್ನ ಕಡೆ ತಂಬೂರಿ ಹಾಕಿಕೊಂಡು ತಾಳ ಹಾಕುತ್ತಾ ತಿರುಗಿ ಹಾಡಬೇಕು. ತಾಳ ತಪ್ಪಿದೆಯೇ ಎಂಬುದನ್ನು ಮಗುವಿನ ದನಿ ಮತ್ತು ಕೈಯನ್ನು ಒಂದಕ್ಕೊಂದು ಹೋಲಿಸಿ ಹೇಳಿ, ನಿಮ್ಮ ಕೈಗೆ ಹೋಲಿಸಬೇಡಿ. ಝೂಮ್ ತಂಬೂರಿಯನ್ನು ಫ್ಯಾನಿನ ಸದ್ದು ಎಂದುಕೊಂಡು ಅಳಿಸಿಹಾಕುತ್ತದೆ, ದೀರ್ಘವಾಗಿ ಹಿಡಿದ ಷಡ್ಜವನ್ನೂ ಕತ್ತರಿಸುತ್ತದೆ. ಅದರ ಆಡಿಯೋ ಸೆಟ್ಟಿಂಗಿನಲ್ಲಿ ಸಂಗೀತಗಾರರಿಗಾಗಿ ಇರುವ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಎರಡೂ ಕಡೆ ಹಾಕಿ, ಇಬ್ಬರೂ ಇಯರ್‌ಫೋನ್ ಬಳಸಿದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಒಂದು ಗಂಟೆಗಿಂತ 45 ನಿಮಿಷದ ಪಾಠ ಒಳ್ಳೆಯದು, ಪರದೆಯ ಮುಂದೆ ಮಗುವಿನ ಗಮನ ಅಷ್ಟರಲ್ಲಿ ಮುಗಿದಿರುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಪಾಠ ಮಾಡುವವರು ಅಸೋಸಿಯೇಷನ್ನಿಗೆ ಮೊದಲೇ ಬರೆದು ತಿಳಿಸಿ. ಗೇಟಿನಲ್ಲಿ ಮಕ್ಕಳನ್ನು ನಿಲ್ಲಿಸಿಕೊಳ್ಳುವುದು, ಮೆಟ್ಟಿಲ ಬಳಿ ಚಪ್ಪಲಿ ರಾಶಿ, ಗಾಡಿ ನಿಲ್ಲಿಸುವ ಜಾಗ, ಜಗಳ ಹುಟ್ಟುವುದು ಇವುಗಳಿಂದ, ಹಾಡಿನ ಸದ್ದಿನಿಂದ ಕಡಿಮೆ. ಸರ್ಕಾರಿ ನೌಕರಿಯಲ್ಲಿರುವವರು ನಡತೆ ನಿಯಮ ನೋಡಿ ಇಲಾಖೆಯ ಅನುಮತಿ ಪಡೆದೇ ಫೀಸು ತೆಗೆದುಕೊಳ್ಳಬೇಕು. ಖಾಸಗಿಯವರು ತಮ್ಮ ನೇಮಕಾತಿ ಪತ್ರ ಓದಲಿ. ವರ್ಷಕ್ಕೆ 20 ಲಕ್ಷ ದಾಟದ ಸೇವೆಗೆ ಜಿಎಸ್‌ಟಿ ನೋಂದಣಿಯ ಅಗತ್ಯ ಬರುವುದಿಲ್ಲ, ಆದರೆ ಆದಾಯ ತೆರಿಗೆಯ ರಿಟರ್ನ್ಸಿನಲ್ಲಿ ಸಂಬಳದ ಜೊತೆ ಈ ಹಣವನ್ನೂ ತೋರಿಸಬೇಕು. ಫೀಸೆಲ್ಲ ಒಂದೇ ಬೇರೆ ಖಾತೆಗೆ ಯುಪಿಐಯಲ್ಲಿ ಬರುವಂತೆ ಮಾಡಿದರೆ ಆಡಿಟರಿಗೆ ಪಾಸ್‌ಬುಕ್ ಕೊಟ್ಟರೆ ಸಾಕು.

ದಿನವಿಡೀ ಆಫೀಸಿನಲ್ಲಿ ಮಾತಾಡಿ ಸಂಜೆ ಎರಡು ಗಂಟೆ ಹಾಡುವ ಗಂಟಲಿಗೆ ಬಿಡುವು ಬೇಕು. ಶುಕ್ರವಾರ ಖಾಲಿ ಇಟ್ಟಿರುವುದು ಅದಕ್ಕೇ. ಎಲ್ಲ ಬ್ಯಾಚಿಗೂ ನೀವೇ ಎಲ್ಲವನ್ನೂ ಹಾಡಿ ತೋರಿಸಬೇಕಿಲ್ಲ, ಹಳೆಯ ಪಾಠ ಒಪ್ಪಿಸುವಾಗ ಜೊತೆಗೆ ಹಾಡದೆ ಬರೀ ತಾಳ ಹಾಕಿ. ಬೆಳಗಿನ ನಿಮ್ಮ ಸ್ವಂತ ಸಾಧನೆಯ ಹೊತ್ತನ್ನು ಎಷ್ಟೇ ಫೀಸು ಬರುವುದಿದ್ದರೂ ಮಾರಬೇಡಿ. ವರ್ಷಗಟ್ಟಲೆ ಸರಳೆ, ಜಂಟಿಯಲ್ಲೇ ಉಳಿದ ಗಂಟಲು ಒಂದು ವಿಳಂಬ ಕಾಲದ ಕೃತಿಗೆ ಏದುಸಿರು ಬಿಡುತ್ತದೆ, ಅದು ಶಿಷ್ಯರ ಕಿವಿಗೂ ತಿಳಿಯುತ್ತದೆ.

ಮೂರು ನಾಲ್ಕು ವರ್ಷದಲ್ಲಿ ಕೆಲವರು ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರುವ ಹಂತಕ್ಕೆ ಬರುತ್ತಾರೆ, ಮುಂದೆ ಸೀನಿಯರ್, ವಿದ್ವತ್. ಧಾರವಾಡ, ಹುಬ್ಬಳ್ಳಿಯ ಕಡೆ ಹಿಂದುಸ್ತಾನಿ ಕಲಿಯುವವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿವೆ. ಪರೀಕ್ಷೆಗೆ ಕೂರುವವರನ್ನು ಆರು ತಿಂಗಳು ಮೊದಲೇ ಬೇರೆ ಬ್ಯಾಚು ಮಾಡಿ. ಶಾಸ್ತ್ರದ ಉತ್ತರ ಬರೆಯಲು ವಾರಕ್ಕೆ ಒಂದು ಗಂಟೆ ಹೆಚ್ಚು ಬೇಕು. ಅದಕ್ಕೆ ಪ್ರತ್ಯೇಕ ಫೀಸು ಕೇಳುವುದು ತಪ್ಪಲ್ಲ. ಮನೋಧರ್ಮದ (ಹಾಡುತ್ತಲೇ ರಾಗವನ್ನು ಸ್ವಂತವಾಗಿ ಬೆಳೆಸುವುದು) ಕಡೆ ನಿಜವಾದ ಒಲವಿರುವ ಮಗು ಸಿಕ್ಕಿದರೆ, ಸಂಜೆಯ ಬ್ಯಾಚಿನಲ್ಲಿ ಹಿಡಿದಿಟ್ಟುಕೊಳ್ಳದೆ ಹಿರಿಯ ವಿದ್ವಾಂಸರ ಬಳಿ ಕಳಿಸಿ. ಕಳಿಸುವಾಗ ಒಂದು ಹಾಳೆ ಬರೆದು ಕೊಡಿ: ಶ್ರುತಿ ಎಷ್ಟು, ಯಾವ ವರ್ಣಗಳು ಎರಡು ಕಾಲದಲ್ಲಿ ಆಗಿವೆ, ಯಾವ ಕೃತಿ ಯಾವ ಪಾಠಾಂತರದಲ್ಲಿ (ಯಾವ ಗುರುಪರಂಪರೆಯ ರೂಪದಲ್ಲಿ), ದನಿ ಎಲ್ಲಿ ದಣಿಯುತ್ತದೆ, ತಾಳ ಎಲ್ಲಿ ಓಡುತ್ತದೆ. ಅದು ಕೈಯಲ್ಲಿದ್ದರೆ ಹೊಸ ಗುರುಗಳು ಮೊದಲ ಎರಡು ತಿಂಗಳನ್ನು ಪರಿಶೀಲನೆಗೆ ಕಳೆಯಬೇಕಾಗಿಲ್ಲ. ಆ ಮಗುವಿನ ಖಾಲಿ ಜಾಗಕ್ಕೆ ಕಾಯುತ್ತಿರುವವರ ಪಟ್ಟಿಯಲ್ಲಿ ಮೊದಲಿರುವವರಿಗೆ ಅದೇ ವಾರ ಫೋನ್ ಮಾಡಿ.